ಕಿವಿಯೊಳಗಿನ ಸಾಣಿಗಿ

ಹುಬ್ಬಳ್ಳಿಯಿಂದ ಧಾರವಾಡದ ಕಡೆ ಚಿಗರಿ ಬಸ್ಸಿನಲ್ಲಿ ಹೊರಟರೆ, ಉಣಕಲ್ ಕೆರೆ ದಾಟಿದ ಮೇಲೆ ಬೈರಿದೇವರಕೊಪ್ಪ ಬರುತ್ತದೆ. ಒಂದು ಕಾಲಕ್ಕೆ ತನ್ನ ಪಾಡಿಗೆ ತಾನಿದ್ದ ಹಳ್ಳಿ ಅದು, ಈಗ ಅವಳಿ ನಗರದ ನಡುವೆ ಸೇರಿಹೋಗಿದೆ. ಈ ಊರಿನ ಹೆಸರನ್ನು ಒಬ್ಬ ಫ್ರೆಂಚ್ ಹುಡುಗಿಗೆ ಹೇಳಲು ಕೊಟ್ಟೆವು ಅಂತ ಇಟ್ಟುಕೊಳ್ಳಿ. ಅವಳ ಬಾಯಿಂದ ಬರುವುದು ಹೆಚ್ಚುಕಡಿಮೆ ಹೀಗಿರುತ್ತದೆ: ‘ಬೈಘಿದೆವಘಕೊಪಾ’.

ನಗಬೇಡಿ. ನಗು ಬಂದರೂ ಸ್ವಲ್ಪ ತಡೆದುಕೊಳ್ಳಿ, ಮುಂದೆ ನಮ್ಮ ಸರದಿಯೂ ಇದೆ.

ಅವಳು ಎಲ್ಲೆಲ್ಲಿ ತಪ್ಪಿದಳು, ನೋಡೋಣ. ನಮ್ಮ ‘ರ’ ಹುಟ್ಟುವುದು ನಾಲಗೆಯ ತುದಿಯಲ್ಲಿ. ಫ್ರೆಂಚರ ‘ರ’ ಹುಟ್ಟುವುದು ಗಂಟಲಿನ ಹತ್ತಿರ, ಕಿರುನಾಲಗೆಯ ಬಳಿ. ಆದ್ದರಿಂದ ಅದು ನಮಗೆ ‘ಘ’ ಅಂದಂತೆ ಕೇಳಿಸುತ್ತದೆ. ‘ದೇ’ ಅನ್ನುವ ದೀರ್ಘ ‘ದೆ’ ಆಯಿತು. ‘ಕೊಪ್ಪ’ದ ಒತ್ತು ಬಿದ್ದುಹೋಯಿತು. ಕೊನೆಯ ಅಕ್ಷರ ಮಾತ್ರ ಉದ್ದವಾಗಿ ಎಳೆದುಕೊಂಡಿತು. ಆದರೆ ಒಂದು ಅಕ್ಷರವನ್ನು ಅವಳು ಥೇಟ್ ನಮ್ಮಂತೆಯೇ ಹೇಳಿದಳು, ‘ದ’. ಅದೇ ಲಂಡನ್ನಿನ ಹುಡುಗಿಯನ್ನು ಕೇಳಿದ್ದರೆ ಅವಳು ‘ಡೇವರಕೊಪ್ಪ’ ಎನ್ನುತ್ತಿದ್ದಳು. ಫ್ರೆಂಚರ ನಾಲಗೆ ನಮ್ಮಂತೆಯೇ ಹಲ್ಲಿಗೆ ತಾಗಿ ‘ತ’, ‘ದ’ ಹೇಳುತ್ತದೆ. ಇಂಗ್ಲಿಷರ ನಾಲಗೆ ಹಲ್ಲಿನ ಹಿಂದಿನ ಒಸಡಿನ ದಿಣ್ಣೆಗೆ ತಾಗುತ್ತದೆ.

ಇಷ್ಟಕ್ಕೂ ಆ ಹುಡುಗಿಗೆ ಬಾಯಿ ಸರಿಯಿಲ್ಲವೆ? ಚೆನ್ನಾಗಿಯೇ ಇದೆ. ಅವಳ ನಾಲಗೆಯಲ್ಲಿ ಇರುವ ಸ್ನಾಯುಗಳೇ ನಿಮ್ಮ ನಾಲಗೆಯಲ್ಲೂ ಇವೆ. ತೊಂದರೆ ಇರುವುದು ಬಾಯಲ್ಲಿ ಅಲ್ಲ, ಅದಕ್ಕಿಂತ ಮೊದಲೇ ಕಿವಿಯಲ್ಲಿ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ಕಿವಿಯ ಹಿಂದೆ ಕೂತು ಕೇಳುವ ಮಿದುಳಿನಲ್ಲಿ.

ನಿಕೊಲಾಯ್ ತ್ರುಬೆತ್ಸ್ಕೊಯ್ ಎಂಬ ರಷ್ಯದ ಭಾಷಾವಿಜ್ಞಾನಿ ಇದನ್ನು ಒಂದೇ ಹೋಲಿಕೆಯಲ್ಲಿ ಹೇಳಿಬಿಟ್ಟರು. 1939ರಲ್ಲಿ, ಅವರು ತೀರಿಕೊಂಡ ಮರುವರ್ಷ, ಅಚ್ಚಾದ ಪುಸ್ತಕದಲ್ಲಿ ಆ ಮಾತಿದೆ. ಪ್ರತಿಯೊಬ್ಬರ ತಾಯಿನುಡಿಯೂ ಒಂದು ಜರಡಿ. ಹೊರಗಿನಿಂದ ಬರುವ ಸದ್ದೆಲ್ಲ ಅದರೊಳಗಿಂದಲೇ ಇಳಿಯಬೇಕು. ನಿಮ್ಮ ಅವ್ವ ಹಿಟ್ಟು ಸಾಣಿಸುವಾಗ ನೋಡಿದ್ದೀರಲ್ಲ, ಅದೇ ಸಾಣಿಗಿ. ಯಾವ ತೂತು ಎಷ್ಟು ದೊಡ್ಡದೋ ಅಷ್ಟೇ ಕೆಳಗೆ ಬೀಳುತ್ತದೆ. ಕನ್ನಡದ ಸಾಣಿಗಿಯಲ್ಲಿ ‘ತ’ಕ್ಕೆ ಒಂದು ತೂತು, ‘ಟ’ಕ್ಕೆ ಇನ್ನೊಂದು. ಫ್ರೆಂಚ್ ಸಾಣಿಗಿಯಲ್ಲಿ ಎರಡಕ್ಕೂ ಸೇರಿ ಒಂದೇ.

ಈ ಸಾಣಿಗಿ ಹುಟ್ಟುವಾಗಲೇ ಬಂದದ್ದೇ? ಇಲ್ಲ. ಅದು ಯಾವಾಗ ತಯಾರಾಗುತ್ತದೆ ಎಂಬುದನ್ನು ಪತ್ತೆ ಮಾಡಿದ ಕತೆಯಲ್ಲಿ ನಮ್ಮ ‘ಟ’, ‘ತ’ಗಳೇ ನಾಯಕರು.

ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಎಂಬ ಇಬ್ಬರು ವಿಜ್ಞಾನಿಗಳಿದ್ದರು. ಇಂಗ್ಲಿಷ್ ಮನೆಗಳ ಪುಟ್ಟ ಕೂಸುಗಳನ್ನು ತಾಯಂದಿರ ತೊಡೆಯ ಮೇಲೆ ಕೂರಿಸಿ ಅವರು ಹಿಂದಿಯ ‘ಟ’ ಮತ್ತು ‘ತ’ ಕೇಳಿಸಿದರು. ಒಂದೇ ಸದ್ದು ಮತ್ತೆ ಮತ್ತೆ ಬರುತ್ತಿರುವುದು, ನಡುವೆ ಇದ್ದಕ್ಕಿದ್ದಂತೆ ಇನ್ನೊಂದು ಸದ್ದಿಗೆ ಬದಲಾಗುವುದು. ಬದಲಾದಾಗ ಕೂಸು ಪಕ್ಕಕ್ಕೆ ತಿರುಗಿದರೆ ಅಲ್ಲಿನ ಪೆಟ್ಟಿಗೆಯಲ್ಲಿ ದೀಪ ಹತ್ತಿ ಆಟಿಕೆಯ ಪ್ರಾಣಿಯೊಂದು ಕುಣಿಯುತ್ತಿತ್ತು. ಮಾತು ಬಾರದ ಕೂಸನ್ನು ‘ನಿನಗೆ ಕೇಳಿಸಿತೇನು?’ ಎಂದು ಕೇಳುವ ಉಪಾಯ ಅದು, ಎಷ್ಟು ಚೆಂದ! ಆರರಿಂದ ಎಂಟು ತಿಂಗಳ ಕೂಸುಗಳು ಬಹುತೇಕ ಎಲ್ಲವೂ ‘ಟ’ದಿಂದ ‘ತ’ಕ್ಕೆ ಬದಲಾದದ್ದನ್ನು ಹಿಡಿದವು. ಅವು ಹಿಂದಿಯನ್ನಾಗಲಿ ಕನ್ನಡವನ್ನಾಗಲಿ ಎಂದೂ ಕೇಳಿದವಲ್ಲ! ಆದರೆ ಹತ್ತರಿಂದ ಹನ್ನೆರಡು ತಿಂಗಳಾಗುವ ಹೊತ್ತಿಗೆ ಕೆಲವೇ ಕೂಸುಗಳು ಮಾತ್ರ ತಿರುಗಿದವು. 1984ರಲ್ಲಿ ಪ್ರಕಟವಾದ ಈ ಪ್ರಯೋಗ ಹೇಳಿದ್ದು ಇಷ್ಟು: ಹುಟ್ಟುವಾಗ ನಾವು ಜಗತ್ತಿನ ಯಾವ ಭಾಷೆಗಾದರೂ ಸಿದ್ಧ. ಮೊದಲ ಹುಟ್ಟುಹಬ್ಬ ಬರುವುದರೊಳಗೆ ಮನೆಯ ಮಾತಿಗೆ ತಕ್ಕಂತೆ ಕಿವಿ ಹದಗೊಂಡಿರುತ್ತದೆ.

ಭಾಷೆಯ ರಾಗವಂತೂ ಇನ್ನೂ ಬೇಗ ಅಂಟಿಕೊಳ್ಳುತ್ತದೆ. ಕಾಥ್ಲೀನ್ ವೆರ್ಮ್ಕೆ ಎಂಬ ಜರ್ಮನ್ ವಿಜ್ಞಾನಿಯ ತಂಡ ಆಗಷ್ಟೇ ಹುಟ್ಟಿದ 30 ಫ್ರೆಂಚ್ ಕೂಸುಗಳ ಮತ್ತು 30 ಜರ್ಮನ್ ಕೂಸುಗಳ ಅಳುವನ್ನು ಧ್ವನಿಮುದ್ರಿಸಿ ಅಳೆದು ನೋಡಿತು. 2009ರಲ್ಲಿ ಬಂದ ಫಲಿತಾಂಶ ಓದಿದವರು ಬೆರಗಾದರು. ಫ್ರೆಂಚ್ ಕೂಸುಗಳ ಅಳು ಮೇಲಕ್ಕೆ ಏರುವ ರಾಗದ್ದು, ಜರ್ಮನ್ ಕೂಸುಗಳದ್ದು ಮೇಲಿಂದ ಕೆಳಕ್ಕೆ ಇಳಿಯುವಂಥದ್ದು. ಹೊಟ್ಟೆಯೊಳಗಿದ್ದಾಗ ಕಡೆಯ ತಿಂಗಳುಗಳಲ್ಲಿ ಅಮ್ಮನ ಮಾತಿನ ಏರಿಳಿತ ಕೇಳಿ ಕೇಳಿ ಬಂದ ರೂಢಿ ಅದು. ‘ಬೈಘಿದೆವಘಕೊಪಾ’ದ ಕೊನೆಯ ಎಳೆತ ನೆನಪಿದೆಯೆ? ಫ್ರೆಂಚ್ ಮಾತಿನಲ್ಲಿ ಭಾರ ಬೀಳುವುದು ಯಾವಾಗಲೂ ಕೊನೆಗೇ. ಆ ಹುಡುಗಿ ಅದನ್ನು ಪಟ್ಟಿ ಪೆನ್ಸಿಲ್ ಹಿಡಿದು ಕಲಿತದ್ದಲ್ಲ.

ಈಗ ಆ ಹುಡುಗಿ ಇಂಗ್ಲಿಷ್ ಕಲಿಯಲು ಕೂತಳು. ಅತ್ತ ಅವಳು, ಇತ್ತ ಬೈರಿದೇವರಕೊಪ್ಪದ ಸಾಲಿಯಲ್ಲಿ ನೀವು. ಇಬ್ಬರಿಗೂ ಅದೇ ಇಂಗ್ಲಿಷ್, ಆದರೆ ಸಾಣಿಗಿ ಬೇರೆ.

ಅವಳಿಗೆ ಎದುರಾಗುವ ಮೊದಲ ಗೋಡೆ ‘ಶಿಪ್’ ಮತ್ತು ‘ಶೀಪ್’. ಒಂದು ಹಡಗು, ಒಂದು ಕುರಿ. ನಿಮಗೆ ಇದರಲ್ಲಿ ಕಷ್ಟವೇನೂ ಕಾಣುವುದಿಲ್ಲ. ಮೊದಲನೆಯದಕ್ಕೆ ಗುಡಿಸು, ಎರಡನೆಯದಕ್ಕೆ ಗುಡಿಸಿನ ದೀರ್ಘ, ಮುಗಿಯಿತು. ‘ಕರು ಬಂತು’ ಅಂದರೆ ಕೊಟ್ಟಿಗೆ ಕಡೆ ನೋಡುತ್ತೀರಿ, ‘ಕಾರು ಬಂತು’ ಅಂದರೆ ರಸ್ತೆ ಬಿಟ್ಟು ಪಕ್ಕಕ್ಕೆ ಸರಿಯುತ್ತೀರಿ. ಸ್ವರದ ಉದ್ದ ಬದಲಾದರೆ ಅರ್ಥ ಬದಲಾಗುತ್ತದೆ ಎಂಬುದು ನಿಮಗೆ ಕಾಗುಣಿತ ಕಲಿಯುವ ಮೊದಲೇ ಗೊತ್ತಿತ್ತು. ಫ್ರೆಂಚ್ ಭಾಷೆಗೆ ಇರುವುದು ಒಂದೇ ‘ಇ’. ಆದ್ದರಿಂದ ಆ ಹುಡುಗಿ ಹಡಗು ಹತ್ತಲು ಹೋಗಿ ಕುರಿ ಹತ್ತುತ್ತಾಳೆ.

ಇದು ಬರೀ ತಮಾಷೆಯ ಮಾತಲ್ಲ, ಪರೀಕ್ಷೆ ಮಾಡಿ ನೋಡಿದ್ದಾರೆ. ಪ್ಯಾರಿಸ್‌ನ ಇಮಾನ್ಯುಯೆಲ್ ದ್ಯುಪು ಎಂಬ ವಿಜ್ಞಾನಿ ತಮ್ಮ ಸಂಗಡಿಗರ ಜೊತೆ ‘ಎಬ್ಜೊ’, ‘ಎಬುಜೊ’, ‘ಎಬೂಜೊ’ ಅನ್ನುವಂಥ ಅರ್ಥವೇ ಇಲ್ಲದ ಪದಗಳನ್ನು ಹೊಸೆದು ಫ್ರೆಂಚರಿಗೂ ಜಪಾನೀಯರಿಗೂ ಕೇಳಿಸಿದರು. 1999ರಲ್ಲಿ ಪ್ರಕಟವಾದ ಕೆಲಸ ಅದು. ಜಪಾನೀಯರಿಗೆ ‘ಎಬ್ಜೊ’ ಕೂಡ ‘ಎಬುಜೊ’ ಅಂತಲೇ ಕೇಳಿಸಿತು. ಒತ್ತಕ್ಷರದ ನಡುವೆ ಇಲ್ಲದ ‘ಉ’ ಒಂದನ್ನು ಅವರ ಕಿವಿಯೇ ಸೇರಿಸಿಕೊಂಡಿತು. ಫ್ರೆಂಚರಿಗೆ ಆ ಎರಡರ ವ್ಯತ್ಯಾಸ ಸಲೀಸಾಗಿ ಸಿಕ್ಕಿತು. ಆದರೆ ‘ಬು’ ಯಾವುದು ‘ಬೂ’ ಯಾವುದು ಎಂಬಲ್ಲಿ ಅವರು ತಡವರಿಸಿದರು.

ಕನ್ನಡ ಕಲಿಯಲು ಬಂದರೆ ಆ ಹುಡುಗಿಗೆ ಇದಕ್ಕಿಂತ ದೊಡ್ಡ ಗಂಡಾಂತರ ಕಾದಿದೆ. ಅಜ್ಜಿಯ ಮುಂದೆ ನಿಂತು ‘ಕತ್ತೆ ಬಂತು’ ಅನ್ನುವ ಬದಲು ‘ಕತೆ ಬಂತು’ ಅಂದಾಳು. ಹುಬ್ಬಳ್ಳಿ ಅವಳ ಬಾಯಲ್ಲಿ ‘ಉಬಲಿ’ ಆಗುತ್ತದೆ. ಒತ್ತು ಹೋಯಿತು, ‘ಳ’ ಹೋಗಿ ‘ಲ’ ಬಂತು, ಮೊದಲಿನ ‘ಹ’ ಅಂತೂ ಇಲ್ಲವೇ ಇಲ್ಲ.

ಆ ‘ಹ’ದ ಬಗ್ಗೆ ಸ್ವಲ್ಪ ನಿಲ್ಲೋಣ. ಫ್ರೆಂಚ್ ಬರವಣಿಗೆಯಲ್ಲಿ ‘ಹ’ಕ್ಕೆ ಅಕ್ಷರ ಇದೆ, ಮಾತಿನಲ್ಲಿ ಸದ್ದಿಲ್ಲ. ‘ಹೋಟೆಲ್’ ಅನ್ನುವ ಪದ ಇಂಗ್ಲಿಷಿಗೆ ಹೋದದ್ದೇ ಫ್ರೆಂಚಿನಿಂದ, ಫ್ರೆಂಚರು ಮಾತ್ರ ಅದನ್ನು ‘ಒತೆಲ್’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ‘ಹಂಗ್ರಿ’ ಅಂದರೆ ಹಸಿದಿದ್ದೇನೆ, ‘ಆಂಗ್ರಿ’ ಅಂದರೆ ಸಿಟ್ಟಾಗಿದ್ದೇನೆ. ಫ್ರೆಂಚ್ ಹುಡುಗಿ ಹಸಿವೆಯಾಗಿದೆ ಅಂತ ಹೇಳಲು ಹೋಗಿ ಸಿಟ್ಟು ಬಂದಿದೆ ಅಂದುಬಿಡುತ್ತಾಳೆ. ಇನ್ನೊಂದು ವಿಚಿತ್ರವೂ ನಡೆಯುತ್ತದೆ. ‘ಹ’ ಎಲ್ಲೋ ಬಿಟ್ಟುಹೋಗುತ್ತಿದೆ ಎಂಬ ಹೆದರಿಕೆಯಿಂದ ಬೇಡದ ಕಡೆಯೂ ಸೇರಿಸಿ, ಸಿಟ್ಟಿನವರನ್ನು ಹಸಿದವರನ್ನಾಗಿ ಮಾಡುತ್ತಾಳೆ.

ಇದನ್ನು ಕೇಳಿದರೆ ನಮಗೆ ಹೊಸದೇನೂ ಅನ್ನಿಸಬಾರದು. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಲ್ಲಿ ‘ಹಾಲು’ ‘ಆಲು’ ಆಗುತ್ತದೆ, ‘ಹಸು’ ‘ಅಸು’ ಆಗುತ್ತದೆ. ಆ ‘ಹಾಲು’ ಕೂಡ ಮೊದಲಿನಿಂದ ಹಾಗೆ ಇರಲಿಲ್ಲ. ಹಳಗನ್ನಡದಲ್ಲಿ ಅದು ‘ಪಾಲ್’, ಹುಲಿ ‘ಪುಲಿ’. ತುಟಿ ಮುಚ್ಚಿ ಹೇಳುತ್ತಿದ್ದ ‘ಪ’ ಸಡಿಲಾಗಿ ‘ಹ’ ಆಯಿತು. ಆ ‘ಹ’ವೂ ಸಡಿಲಾಗಿ ಕೆಲವು ಕಡೆ ಉಸಿರಿನಲ್ಲಿ ಕರಗಿಹೋಯಿತು. ಫ್ರೆಂಚಿನ ತಾಯಿಯಾದ ಲ್ಯಾಟಿನ್‌ನಲ್ಲೂ ಒಂದು ಕಾಲಕ್ಕೆ ‘ಹ’ ಇತ್ತು, ಅದೂ ಹೀಗೇ ಹೋದದ್ದು.

ಹಾಗಾದರೆ ಫ್ರೆಂಚರ ಕಿವಿಗೆ ‘ಹ’ ಬೀಳುವುದೇ ಇಲ್ಲವೆ? ಕೆನಡಾದ ಮಾಂಟ್ರಿಯಲ್‌ನಲ್ಲಿ ಇದನ್ನೂ ನೋಡಿದ್ದಾರೆ. ಫ್ರೆಂಚ್ ಮಾತಾಡುವವರ ತಲೆಗೆ ವಿದ್ಯುತ್ ಸಂಕೇತ ಅಳೆಯುವ ಟೊಪ್ಪಿಗೆ ಹಾಕಿ, ‘ಹ’ದ ಉಸಿರನ್ನು ಎರಡು ರೀತಿಯಲ್ಲಿ ಕೇಳಿಸಿದರು. ಮಾತಿನೊಳಗೆ ಸೇರಿಸಿ ಒಂದು ಸಲ, ಮಾತೇ ಅಲ್ಲದ ಬರೀ ಸದ್ದಾಗಿ ಇನ್ನೊಂದು ಸಲ. ಬರೀ ಸದ್ದಾಗಿದ್ದಾಗ ಮಿದುಳು ‘ಏನೋ ಬದಲಾಯಿತು’ ಎಂದು ಚುರುಕಾಯಿತು. ಮಾತಿನೊಳಗೆ ಬಂದಾಗ ಸುಮ್ಮನಿತ್ತು. 2016ರಲ್ಲಿ ಪ್ರಕಟವಾದ ಈ ಪ್ರಯೋಗ ನನಗೆ ಬಹಳ ಹಿಡಿಸಿತು. ಕಿವಿ ಕಿವುಡಲ್ಲ; ಸದ್ದು ಒಳಗೆ ಬರುತ್ತದೆ, ಮಿದುಳು ಅದನ್ನು ಮಾತಿನ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ಎಷ್ಟ್ ಸಲಾ ಹೇಳಿದ್ರೂ ನಿನಗ ಕೇಳಸೂದಿಲ್ಲೇನು?’ ಅಂತ ಗದರಿಸುವ ದೊಡ್ಡವರು ಇದನ್ನು ಓದಬೇಕು ಅಂತ ನನ್ನ ಆಸೆ.

ಈಗ ನಮ್ಮ ಸರದಿ.

ಒಂದು ಕನ್ನಡಿ ತನ್ನಿ. ಅದರ ಮುಂದೆ ನಿಂತು ‘ವ’ ಅನ್ನಿ. ನಮ್ಮ ‘ವ’ ಅರೆಮನಸ್ಸಿನದು, ಮೇಲಿನ ಹಲ್ಲು ಕೆಳತುಟಿಗೆ ತಾಗಿತೋ ಇಲ್ಲವೋ ಅನ್ನುವಂತಿರುತ್ತದೆ. ಇಂಗ್ಲಿಷಿನಲ್ಲಿ ಎರಡು ‘ವ’ ಇವೆ. ‘ವ್ಯಾನ್’ ಅನ್ನುವಾಗ ಹಲ್ಲು ತುಟಿಗೆ ಒತ್ತಿ ಝುಂಯ್ ಅನ್ನಬೇಕು. ‘ವಾಟರ್’ ಅನ್ನುವಾಗ ಹಲ್ಲಿನ ಮಾತೇ ಇಲ್ಲ, ಸೀಟಿ ಹೊಡೆಯುವವರ ಹಾಗೆ ತುಟಿ ಗುಂಡಗಾಗಬೇಕು. ನಮ್ಮ ಸಾಣಿಗಿಯಲ್ಲಿ ಎರಡೂ ಒಂದೇ ತೂತಿನಲ್ಲಿ ಬೀಳುತ್ತವೆ, ಬರೆಯುವಾಗಲೂ ನಮಗೆ ಒಂದೇ ಅಕ್ಷರ. ಫ್ರೆಂಚ್ ಹುಡುಗಿಗೆ ಇಲ್ಲಿ ತೊಂದರೆಯೇ ಇಲ್ಲ, ಅವಳ ಭಾಷೆಯಲ್ಲಿ ಎರಡೂ ಇವೆ. ಇಲ್ಲಿ ಅವಳು ನಿಮ್ಮನ್ನು ನೋಡಿ ನಗಬಹುದು.

ಇಂಗ್ಲಿಷಿನ ‘ಝೂ’, ‘ಝೀರೊ’ಗಳ ಝೇಂಕಾರವೂ ಅಷ್ಟೆ. ಕನ್ನಡ ಮನೆಯ ಮಕ್ಕಳು ಅದನ್ನು ‘ಜೂ’, ‘ಜೀರೊ’ ಅನ್ನುತ್ತಾರೆ. ಬೆಂಚಿನ ಪಕ್ಕದಲ್ಲಿ ಕೂತ, ಮನೆಯಲ್ಲಿ ಉರ್ದು ಆಡುವ ಗೆಳೆಯನಿಗೆ ಅದು ಸಲೀಸು. ‘ಜ಼ಮೀನ್’, ‘ನಮಾಜ಼್’ ಅನ್ನುವ ಪದಗಳಲ್ಲಿ ಆ ಸದ್ದು ಅವನ ಮನೆಯಲ್ಲಿ ದಿನವೂ ಓಡಾಡುತ್ತದೆ. ಹುಬ್ಬಳ್ಳಿ ಧಾರವಾಡದ ಒಂದು ತರಗತಿಯಲ್ಲಿ ಕನ್ನಡ, ಉರ್ದು, ಮರಾಠಿ, ಕೊಂಕಣಿ, ತೆಲುಗು ಮನೆಗಳ ಮಕ್ಕಳು ಒಟ್ಟಿಗೆ ಕೂತಿರುತ್ತಾರೆ. ಟೀಚರ್ ಬಾಯಿಂದ ಬಂದ ಒಂದೇ ಇಂಗ್ಲಿಷ್ ಪದ ಅಷ್ಟು ಬಗೆಯ ಸಾಣಿಗಿಗಳಲ್ಲಿ ಇಳಿಯುತ್ತದೆ ಎಂಬುದನ್ನು ಯಾವ ಪಠ್ಯಪುಸ್ತಕವೂ ಹೇಳುವುದಿಲ್ಲ.

ಇನ್ನು ಧಾರವಾಡದ ಕನ್ನಡಕ್ಕೆ ಸಿಕ್ಕಿರುವ ಒಂದು ಪುಕ್ಕಟೆ ಲಾಭ ಹೇಳುತ್ತೇನೆ. ಇಂಗ್ಲಿಷಿನ ‘ಬ್ಯಾಟ್’, ‘ಮ್ಯಾನ್’, ‘ಹ್ಯಾಂಡ್’ ಪದಗಳಲ್ಲಿ ಒಂದು ಅಗಲ ಬಾಯಿಯ ಸ್ವರ ಇದೆ. ಫ್ರೆಂಚಿನಲ್ಲಿ ಅದು ಇಲ್ಲ. ಕನ್ನಡದ ವರ್ಣಮಾಲೆಯಲ್ಲೂ ಅದಕ್ಕೆ ತನ್ನದೇ ಅಕ್ಷರ ಇಲ್ಲ. ಆದರೆ ನೀವು ಮನೆಯಲ್ಲಿ ‘ಬ್ಯಾಡ’ ಅನ್ನುತ್ತೀರಿ, ‘ಹ್ಯಾಂಗ’ ಅನ್ನುತ್ತೀರಿ, ‘ಮ್ಯಾಲ ಇಡು’ ಅನ್ನುತ್ತೀರಿ. ಅದೇ ಸ್ವರ! ‘ಬ್ಯಾಡ ಅನ್ನಬ್ಯಾಡ, ಬೇಡ ಅನ್ನು’ ಎಂದು ಯಾರಾದರೂ ತಿದ್ದಿದರೆ, ನಿಮ್ಮ ಬಾಯಲ್ಲಿ ಆಗಲೇ ತಯಾರಾಗಿ ಕೂತಿರುವ ಇಂಗ್ಲಿಷ್ ಸ್ವರವನ್ನು ಅವರು ಓಡಿಸುತ್ತಿದ್ದಾರೆ ಅಂತ ತಿಳಿಯಿರಿ.

‘ಇಸ್ಕೂಲ್’, ‘ಇಸ್ಟೇಶನ್’ ಅನ್ನುವವರನ್ನು ನೋಡಿ ನಕ್ಕವರು ಬಹಳ ಮಂದಿ. ಪದದ ಮೊದಲಲ್ಲೇ ‘ಸ್ಕ’, ‘ಸ್ಟ’ ಅಂತ ಎರಡು ವ್ಯಂಜನ ಗುದ್ದಾಡುತ್ತ ಬಂದರೆ, ಅಂಥ ಗುದ್ದಾಟದ ರೂಢಿ ಇಲ್ಲದ ನಾಲಗೆ ಮುಂದೆ ಒಂದು ‘ಇ’ ಇಟ್ಟು ದಾರಿ ಸಲೀಸು ಮಾಡಿಕೊಳ್ಳುತ್ತದೆ. ಹಾಗೆ ಮಾಡಿದವರಲ್ಲಿ ಫ್ರೆಂಚರ ಅಜ್ಜ ಮುತ್ತಜ್ಜಂದಿರೂ ಇದ್ದಾರೆ. ಲ್ಯಾಟಿನ್‌ನ ‘ಸ್ಕೋಲಾ’ ಅವರ ಬಾಯಲ್ಲಿ ‘ಎಸ್ಕೋಲ್’ ಆಯಿತು. ಮುಂದೆ ನಡುವಿನ ‘ಸ್’ ಕೂಡ ಉದುರಿ, ಇವತ್ತು ಪ್ಯಾರಿಸ್‌ನ ಮಕ್ಕಳು ಹೋಗುವುದು ‘ಎಕೋಲ್’ಗೆ. ಅಲ್ಲಿ ಅದು ಶುದ್ಧ ಭಾಷೆ. ಇಲ್ಲಿ ಅದೇ ಕೆಲಸ ಮಾಡಿದವನಿಗೆ ಬೈಗುಳ.

ಮುಂದಿನ ಪ್ರಯೋಗಕ್ಕೆ ಪಟ್ಟಿಯ ಹಾಳೆಯಿಂದ ಬೆರಳಗಲದ ಒಂದು ಚೂರು ಹರಿದುಕೊಳ್ಳಿ. ಬರೆಯದ ಹಾಳೆಯನ್ನೇ ಹರಿಯಿರಿ, ಗಣಿತದ ಲೆಕ್ಕ ಹರಿದು ನನ್ನ ಹೆಸರು ಹೇಳಬೇಡಿ. ಅದನ್ನು ತುಟಿಯ ಮುಂದೆ ಜೋತುಬಿಡಿ. ‘ಪಾಟಿ’ ಅನ್ನಿ, ಚೂರು ಅಷ್ಟೇನೂ ಅಲುಗುವುದಿಲ್ಲ. ಮಹಾಪ್ರಾಣ ಒತ್ತಿ ‘ಫಲ’ ಅನ್ನಿ, ಹಾರುತ್ತದೆ. ಲಂಡನ್ನಿನವರು ‘ಪೆನ್’ ಅಂದಾಗಲೂ ಅದು ಹಾರುತ್ತದೆ. ಅವರು ‘ಪ’ ಬರೆದು ಬಹುಮಟ್ಟಿಗೆ ನಮ್ಮ ಮಹಾಪ್ರಾಣವನ್ನೇ ಹೇಳುತ್ತಾರೆ, ಹೇಳುತ್ತಿದ್ದೇವೆ ಅಂತ ಅವರಿಗೇ ಗೊತ್ತಿರುವುದಿಲ್ಲ. ತುಟಿ ಬಿಚ್ಚಿದ ಕ್ಷಣಕ್ಕೂ ಗಂಟಲು ನಾದ ಹೊರಡಿಸುವ ಕ್ಷಣಕ್ಕೂ ನಡುವೆ ಒಂದು ಬಿಡುವು ಇರುತ್ತದೆ. ಇಂಗ್ಲಿಷಿನ ‘ಪ’, ‘ಟ’, ‘ಕ’ಗಳಲ್ಲಿ ಅದು ಸುಮಾರು 50ರಿಂದ 80 ಮಿಲಿಸೆಕೆಂಡ್. ಒಂದು ಸೆಕೆಂಡನ್ನು ಸಾವಿರ ಚೂರು ಮಾಡಿದರೆ ಅದರಲ್ಲಿ ಐವತ್ತೋ ಎಂಬತ್ತೋ ಚೂರು, ಅಷ್ಟೆ. ಆ ಬಿಡುವಿನಲ್ಲಿ ಉಸಿರು ನುಗ್ಗುತ್ತದೆ. ಫ್ರೆಂಚರ ‘ಪ’ದಲ್ಲೂ ನಮ್ಮ ‘ಪ’ದಲ್ಲೂ ಬಿಡುವು ಬಹಳ ಚಿಕ್ಕದು. ಹಾಗಾಗಿ ಅವಳಾಗಲಿ ನೀವಾಗಲಿ ‘ಪೇರ್’ ಅಂದರೆ ಇಂಗ್ಲಿಷ್ ಕಿವಿಗೆ ಅದು ‘ಬೇರ್’ ಅಂತ ಬೀಳುವ ಸಾಧ್ಯತೆ ಇದೆ. ಪೇರಲದ ದೂರದ ನೆಂಟನಂಥ ಒಂದು ಹಣ್ಣು ಕೇಳಿದರೆ ಕರಡಿ ಸಿಗುತ್ತದೆ! ಈ ಒಂದು ವಿಷಯದಲ್ಲಿ ಪ್ಯಾರಿಸ್ ಮತ್ತು ಬೈರಿದೇವರಕೊಪ್ಪ ಒಂದೇ ಪಕ್ಷ.

ಇನ್ನೊಂದರಲ್ಲೂ ಒಂದೇ ಪಕ್ಷ. ಇಂಗ್ಲಿಷ್ ಪದಗಳಲ್ಲಿ ಒಂದು ಭಾಗ ಮಾತ್ರ ಜೋರು, ಉಳಿದವು ಅರ್ಧ ನುಂಗಿದಂತೆ. ‘ಬನಾನಾ’ದಲ್ಲಿ ನಡುವಿನ ‘ನಾ’ ಮಾತ್ರ ಗಟ್ಟಿ, ಆಚೀಚೆಯವು ಗೊಣಗು. ನಾವು ಪಂಕ್ತಿಯಲ್ಲಿ ಬಡಿಸಿದಂತೆ ಎಲ್ಲ ಅಕ್ಷರಕ್ಕೂ ಸಮಪಾಲು ಕೊಡುತ್ತೇವೆ. ಇಂಗ್ಲಿಷರಿಗೆ ಒತ್ತಿನ ಜಾಗ ಬದಲಾದರೆ ಅರ್ಥವೇ ಬದಲಾಗುವುದುಂಟು. ‘ಪ್ರೆಸೆಂಟ್’ ಪದದ ಮೊದಲ ಭಾಗ ಒತ್ತಿದರೆ ಉಡುಗೊರೆ, ಕೊನೆಯ ಭಾಗ ಒತ್ತಿದರೆ ಉಡುಗೊರೆ ಕೊಡುವುದು. ದ್ಯುಪು ಅವರ ತಂಡ 1997ರಲ್ಲೇ ಇಂಥ ಒತ್ತಿನಿಂದ ಮಾತ್ರ ಬೇರೆಯಾಗುವ ಸುಳ್ಳು ಪದಗಳನ್ನು ಸ್ಪೇನಿನವರಿಗೂ ಫ್ರೆಂಚರಿಗೂ ಕೇಳಿಸಿತ್ತು. ಸ್ಪೇನಿನವರು ಸುಲಭವಾಗಿ ಗುರುತಿಸಿದರು, ಫ್ರೆಂಚರು ಒದ್ದಾಡಿದರು. ಯಾವಾಗಲೂ ಕೊನೆಗೇ ಬೀಳುವ ಒತ್ತನ್ನು ನೆನಪಿಟ್ಟುಕೊಳ್ಳುವ ಗರಜು ಅವರ ಮಿದುಳಿಗೆ ಎಂದೂ ಬಂದಿರಲಿಲ್ಲ.

ಕಾಗುಣಿತದ ವಿಷಯ ಬೇಗ ಮುಗಿಸುತ್ತೇನೆ. ‘ನೈಫ್’ ಪದದ ಮುಂದೆ ಸದ್ದಿಲ್ಲದ ‘ಕೆ’ ಕಂಡು ನೀವು ಕಂಗಾಲಾಗುತ್ತೀರಿ, ಬರೆದದ್ದನ್ನೆಲ್ಲ ಓದುವ ಭಾಷೆ ನಿಮ್ಮದು. ಫ್ರೆಂಚ್ ಹುಡುಗಿಗೆ ಅದರಲ್ಲಿ ವಿಶೇಷವೇ ಇಲ್ಲ, ಅವಳ ಭಾಷೆಯಲ್ಲಿ ಮೂಕ ಅಕ್ಷರಗಳ ದಂಡೇ ಇದೆ. ಪದಸಂಪತ್ತಿನಲ್ಲೂ ಅವಳೇ ಶ್ರೀಮಂತೆ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯ ಅರಸ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಸಾವಿರಾರು ಫ್ರೆಂಚ್ ಪದಗಳು ಇಂಗ್ಲಿಷಿಗೆ ಹರಿದುಬಂದವು, ಆಮೇಲೂ ಬರುತ್ತಲೇ ಇದ್ದವು. ನೀವು ದಿನವೂ ಆಡುವ ‘ಟಿಕೆಟ್’, ‘ಪೊಲೀಸ್’, ‘ಗ್ಯಾರೇಜ್’ ಎಲ್ಲ ಆ ದಾರಿಯಲ್ಲಿ ಬಂದವೇ. ಆದರೆ ಪರಿಚಯದ ಮುಖ ಕಂಡು ಅವಳು ಮೋಸಹೋಗುವುದೂ ಉಂಟು. ಅವಳ ‘ಲಿಬ್ರೇರಿ’ ಪುಸ್ತಕ ಮಾರುವ ಅಂಗಡಿ, ಇಂಗ್ಲಿಷರ ಲೈಬ್ರರಿ ಪುಸ್ತಕ ಎರವಲು ಕೊಡುವ ಮನೆ.

ಧಾರವಾಡದ ಮಕ್ಕಳಿಗೆ ಇಲ್ಲಿ ಒಬ್ಬರ ನೆನಪಾಗಬೇಕು. ಊರಿನಲ್ಲಿ ಅವರ ಹೆಸರಿನ ಕಾಲೇಜೇ ಇದೆ, ರೆವರೆಂಡ್ ಫರ್ಡಿನಾಂಡ್ ಕಿಟ್ಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ ಕಡೆಯಿಂದ ಕನ್ನಡ ನಾಡಿಗೆ ಬಂದವರು. ಅವರ ಜರ್ಮನ್ ಕಿವಿಗೂ ‘ತ’ ಮತ್ತು ‘ಟ’ ಒಂದೇ, ‘ಲ’ ಮತ್ತು ‘ಳ’ ಒಂದೇ ಆಗಿ ಬೀಳಬೇಕಾದದ್ದು. ‘ಹಲ್ಲಿ’ ಯಾವುದು ‘ಹಳ್ಳಿ’ ಯಾವುದು ಅಂತ ಕೇಳಿಸಿಕೊಳ್ಳದೆ ಕನ್ನಡ ನಿಘಂಟು ಬರೆಯುವುದು ಹೇಗೆ? ಅವರು ಬರೆದರು. ಸುಮಾರು 70,000 ಪದಗಳ ಕನ್ನಡ ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಪದಗಳು ಕನ್ನಡದವು, ಅರ್ಥ ಇಂಗ್ಲಿಷಿನದು, ಬರೆದವರ ತಾಯಿನುಡಿ ಎರಡೂ ಅಲ್ಲ. 1903ರಲ್ಲಿ ಕನ್ನಡ ವ್ಯಾಕರಣವನ್ನೂ ಇಂಗ್ಲಿಷಿನಲ್ಲೇ ಬರೆದು ಪ್ರಕಟಿಸಿದರು.

ಅಂದರೆ ಸಾಣಿಗಿಗೆ ದೊಡ್ಡವರಾದ ಮೇಲೂ ಹೊಸ ತೂತು ಕೊರೆಯಬಹುದು. ಕೊರೆಯುವುದು ಹೇಗೆ ಎಂಬುದಕ್ಕೆ ಜಪಾನೀಯರ ಉದಾಹರಣೆ ಪ್ರಸಿದ್ಧ. ಅವರಿಗೆ ಇಂಗ್ಲಿಷಿನ ‘ರ’ ಮತ್ತು ‘ಲ’ ಬೇರೆಯಾಗಿ ಕೇಳಿಸುವುದು ಕಷ್ಟ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪಿಸೋನಿ ಮತ್ತು ಸಂಗಡಿಗರು ಜಪಾನೀ ದೊಡ್ಡವರಿಗೆ ಕೆಲವು ವಾರ ಕಿವಿಯ ತಾಲೀಮು ಕೊಟ್ಟರು. ಪದ ಕೇಳಿಸುವುದು, ‘ರ’ವೋ ‘ಲ’ವೋ ಹೇಳಿಸುವುದು, ಸರಿಯೋ ತಪ್ಪೋ ಕೂಡಲೇ ತಿಳಿಸುವುದು. 1991ರಲ್ಲಿ ಬಂದ ಅವರ ವರದಿಯ ಪ್ರಕಾರ ಕಲಿತವರು ಸುಧಾರಿಸಿದರು. ಮುಂದಿನ ಪ್ರಯೋಗಗಳಲ್ಲಿ ಇನ್ನೊಂದು ಗುಟ್ಟು ಹೊರಬಂತು. ಒಬ್ಬರದೇ ದನಿ ಕೇಳಿ ಕಲಿತವರು ಹೊಸಬರು ಮಾತಾಡಿದಾಗ ಎಡವಿದರು. ಗಂಡಸರು, ಹೆಂಗಸರು, ಬೇರೆ ಬೇರೆ ದನಿಯವರು ಹೇಳಿದ್ದನ್ನು ಕೇಳಿ ಕಲಿತವರಿಗೆ ಹೊಸ ದನಿಯೂ ಸಲೀಸಾಯಿತು.

ಕೂಸುಗಳ ಕಲಿಕೆಗೆ ಇನ್ನೂ ಒಂದು ಶರತ್ತು ಇದೆ. ಅಮೆರಿಕದ ಪೆಟ್ರೀಷಿಯಾ ಕೂಲ್ ಅವರು ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳ ಜೊತೆ ಚೀನೀ ಮಾತಾಡುವವರನ್ನು ಕೂರಿಸಿ, 12 ಸಲ ಆಟ ಆಡಿಸಿ ಪುಸ್ತಕ ಓದಿಸಿದರು. ಆ ಕೂಸುಗಳು ಚೀನೀ ಸದ್ದುಗಳನ್ನು ಚೆನ್ನಾಗಿ ಗುರುತಿಸಿದವು. ಅದೇ ಜನ, ಅದೇ ಪುಸ್ತಕ ಟಿವಿಯಲ್ಲಿ ಬಂದಾಗ ಕೂಸುಗಳು ಏನೂ ಕಲಿಯಲಿಲ್ಲ. 2003ರ ಮಾತು ಇದು. ‘ಫೋನ್ ಕೊಟ್ಟರ ಕೂಸು ಇಂಗ್ಲಿಷ್ ಕಲೀತೈತಿ’ ಅನ್ನುವ ಮಾವಂದಿರು, ಚಿಕ್ಕಮ್ಮಂದಿರು ಮನೆಯಲ್ಲಿದ್ದರೆ ಅವರಿಗೆ ಇದನ್ನು ಓದಿ ಹೇಳುವ ಜವಾಬ್ದಾರಿ ನಿಮ್ಮದು.

ಕಡೆಗೆ ಒಂದು ಒಗಟು ಉಳಿದಿದೆ. ಇಂಗ್ಲಿಷಿನಲ್ಲಿ ‘ಥ್ಯಾಂಕ್ಸ್’, ‘ಥಿಂಕ್’ ಪದಗಳ ಮೊದಲು ಬರುವ ಸದ್ದು ನಮ್ಮ ‘ಥ’ ಅಲ್ಲ. ನಾಲಗೆಯ ತುದಿಯನ್ನು ಹಲ್ಲುಗಳ ನಡುವೆ ಸ್ವಲ್ಪ ಹೊರಗೆ ಇಟ್ಟು ಗಾಳಿ ಊದಬೇಕು. ಕನ್ನಡಿಯ ಮುಂದೆ ಮಾಡಿ ನೋಡಿ. ಎದುರಿಗೆ ತಮ್ಮನೋ ತಂಗಿಯೋ ಇದ್ದರೆ, ಅಣಕಿಸುತ್ತಿದ್ದೀರಿ ಅಂತ ಜಗಳಕ್ಕೆ ಬಂದಾರು. ಈ ಸದ್ದು ಕನ್ನಡದಲ್ಲಿ ಇಲ್ಲ, ಫ್ರೆಂಚಿನಲ್ಲೂ ಇಲ್ಲ. ಇಲ್ಲದ ಸದ್ದಿಗೆ ಹತ್ತಿರದ್ದೊಂದನ್ನು ಇಟ್ಟು ಕೆಲಸ ಸಾಗಿಸುವುದು ಸಹಜ. ನಾವು ‘ತ’ ಅಥವಾ ‘ಥ’ ಇಡುತ್ತೇವೆ. ಫ್ರಾನ್ಸಿನವರು ‘ಸ’ ಇಟ್ಟು ‘ಸಿಂಕ್’ ಅನ್ನುತ್ತಾರೆ. ಆದರೆ ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಮಾತಾಡುವುದೂ ಫ್ರೆಂಚೇ. ಅಲ್ಲಿನವರು ‘ಸ’ ಇಡುವುದಿಲ್ಲ, ನಮ್ಮ ಹಾಗೆ ‘ತ’ ಇಡುತ್ತಾರೆ! ಎರಡು ಕಡೆಯ ಫ್ರೆಂಚಿನಲ್ಲೂ ‘ಸ’ ಇದೆ, ‘ತ’ ಇದೆ. ಒಂದೇ ಭಾಷೆ, ಒಂದೇ ಸದ್ದು, ಆಯ್ಕೆ ಮಾತ್ರ ಬೇರೆ. ಎರಡು ಕಡೆಯ ‘ಸ’ಗಳಲ್ಲಿ ನಾಲಗೆಯ ಜಾಗ ಕೂದಲೆಳೆಯಷ್ಟು ಬೇರೆ ಇರುವುದರಿಂದ ಹೀಗಾಗುತ್ತದೆ ಅಂತ ಕೆಲವು ಭಾಷಾವಿಜ್ಞಾನಿಗಳ ವಾದ. ಹಾಗಲ್ಲ, ಮೊದಲು ಕಲಿಸಿದವರು ಹೇಗೆ ಹೇಳಿಕೊಟ್ಟರೋ ಅದೇ ರೂಢಿಯಾಗಿ ಇಳಿದು ಬಂತು ಅಂತ ಇನ್ನು ಕೆಲವರದು. ಈ ಜಗಳ ಇನ್ನೂ ಮುಗಿದಿಲ್ಲ.